ಫ್ಲಾಸ್ಕಿನಲ್ಲಿದ್ದ ಹಳದಿ ನೀರು

ತಾರೀಖು 14, ಬುಧವಾರ

ಅಮ್ಮನಿಗೆ,

ನಿನ್ನ ಪಿಸುವಿನ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಇರುತ್ತವೆ, ಬೈಬೇಡ. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಓದಲಾಗದ ಕಡೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ನಡುಮನೆಯಲ್ಲಿದೆ, ಅಲ್ಲಿ ಯಾವಾಗಲೂ ಯಾರಾದರೂ ಇರುತ್ತಾರೆ. ಮತ್ತೆ ಫೋನು ಕಿವಿಗೆ ಹಿಡಿದರೆ ನನಗೆ ಹೂಂ, ಹೂಂ ಬಿಟ್ಟು ಬೇರೇನೂ ಬರುವುದಿಲ್ಲ. ಪಿಸುಗುಟ್ಟುವುದು ಬಿಟ್ಟು ಬೇರೆ ಮಾತೇ ಬರಲ್ಲ ಇವಳಿಗೆ ಅಂತ ಈ ಹೆಸರಿಟ್ಟವಳು ನೀನೇ ತಾನೆ.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯಲು ಪೆನ್ನು ಎತ್ತಿದೆ. ಈಗ ಕ್ಷೇಮ. ಹೋದ ವಾರ ಇರಲಿಲ್ಲ. ಇನ್ನೆರಡು ದಿನ ತಡವಾಗಿದ್ದರೆ ಮಾವ ನಮಗೆ ಸಿಗುತ್ತಿರಲಿಲ್ಲವೇನೋ. ಅದಕ್ಕೆ ಕಾರಣ ನಾನು. ಬೇರೆಯವರ ಬಾಯಿಂದ ನಿನಗೆ ತಿಳಿಯುವ ಮೊದಲು ನಾನೇ ಬರೆಯಬೇಕು ಅಂತ ಕೂತಿದ್ದೇನೆ.

ಹೃದಯದ ಆಪರೇಷನ್ ಆದಾಗಿನಿಂದ ಮಾವನಿಗೆ ರಕ್ತ ತೆಳ್ಳಗೆ ಮಾಡುವ ಮಾತ್ರೆ ನಡೆಯುತ್ತಿದೆ, ನಿನಗೆ ಗೊತ್ತಲ್ಲ. ಜೊತೆಗೆ ಬಿಪಿ ಬೇರೆ. ಉಪ್ಪು ಅರ್ಧಕ್ಕರ್ಧ ಇಳಿಸಿ ಅಂತ ಡಾಕ್ಟರು ಹೇಳಿದರು. ಮಾವ ಸಪ್ಪೆ ಪಲ್ಯವನ್ನು ಎರಡು ದಿನ ತಿಂದರು. ಮೂರನೇ ದಿನ ತಟ್ಟೆ ತಳ್ಳಿ, ಇದಕ್ಕಿಂತ ಗಿರಾಕಿ ಕೆನ್ನೆ ಮೇಲಿನ ಸೋಪಿನ ನೊರೆ ರುಚಿಯಾಗಿರುತ್ತಮ್ಮ ಅಂದರು. ನಲವತ್ತು ವರ್ಷ ಕ್ಷೌರದ ಅಂಗಡಿ ನಡೆಸಿದವರು, ಅವರಿಗೆ ಎಲ್ಲದಕ್ಕೂ ಅಂಗಡಿಯದೇ ಹೋಲಿಕೆ. ನಾನು ಉಪ್ಪು ಹೆಚ್ಚಿಸಲಿಲ್ಲ. ಜೀರಿಗೆ ಹುರಿದು ಪುಡಿ ಮಾಡಿ ಉದುರಿಸಿದೆ. ಮಾರನೇ ದಿನ ಕಾಳುಮೆಣಸು, ಶುಂಠಿ. ಅದರ ಮಾರನೇ ದಿನ ಕೊತ್ತಂಬರಿ ಬೀಜ, ಮೇಲೆ ನಾಲ್ಕು ಹನಿ ನಿಂಬೆ. ಉಪ್ಪು ಕಡಿಮೆ ಅನ್ನುವುದೇ ಅವರಿಗೆ ಮರೆತುಹೋಯಿತು. ಮುಂದಿನ ತಿಂಗಳು ಬಿಪಿ ಇಳಿದಿತ್ತು. ನರ್ಸಮ್ಮ ಎಲ್ಲರ ಮುಂದೆ, ಅಡುಗೆ ಯಾರದ್ರೀ, ಅವರಿಗೆ ಶಹಬಾಸ್ ಹೇಳ್ಬೇಕು ಅಂದರು. ಅಮ್ಮ, ನನ್ನನ್ನು ಹಾಗೆ ಯಾರೂ ಹೊಗಳಿರಲಿಲ್ಲ. ಮನೆ ಸೇರುವವರೆಗೂ ಕಿವಿ ಬಿಸಿಯಾಗಿತ್ತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ತಟ್ಟೆಯಿಂದ ಲೋಟಕ್ಕೆ ಹೋದದ್ದೇ ತಪ್ಪಾಯಿತು. ಮಾವನಿಗೆ ಮಂಡಿ ನೋವು. ನೀನು ಕೊಟ್ಟ ಅರಿಶಿನದ ಡಬ್ಬಿ ಇತ್ತಲ್ಲ, ಅದರಿಂದ ನಿನ್ನ ಮಂಡಿ ಹಿಡಿತ ಬಿಟ್ಟಿತು ಅಂದಿದ್ದೆಯಲ್ಲ. ನೀನು ಹೇಳಿದ ಹಾಗೇ ಬಿಸಿ ನೀರಿಗೆ ಅರಿಶಿನ ಹಾಕಿ, ಮೇಲೆ ಮೆಣಸಿನ ಪುಡಿ ಉದುರಿಸಿ, ದಿನಾ ಬೆಳಿಗ್ಗೆ ಒಂದು ಲೋಟ ಕೊಡತೊಡಗಿದೆ. ಯಾರಿಗೂ ಹೇಳಲಿಲ್ಲ. ನೋವು ಪೂರ್ತಿ ಹೋದ ದಿನ ಹೇಳೋಣ, ನರ್ಸಮ್ಮ ಇನ್ನೊಂದು ಸಲ ಹೊಗಳಲಿ ಅನ್ನುವ ಆಸೆ. ಎರಡು ವಾರಕ್ಕೆ ಮಂಡಿ ಹಗುರಾಯಿತು ಅಂತ ಮಾವ ಅಡುಗೆಮನೆಯಲ್ಲೇ ಅರ್ಧ ಬಸ್ಕಿ ಹೊಡೆದು ತೋರಿಸಿದರು.

ಒಂದನೇ ತಾರೀಖು, ಗುರುವಾರ ಬೆಳಿಗ್ಗೆ, ಕಿಟಕಿಯ ಹತ್ತಿರ ಗಡ್ಡ ಮಾಡಿಕೊಳ್ಳುತ್ತಿದ್ದರು. ಅವರದು ಅಂಗಡಿಯ ಕಾಲದ ಮಡಚುವ ಕತ್ತಿ, ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಗಲ್ಲದ ಕೆಳಗೆ ಸಾಸಿವೆ ಕಾಳಿನಷ್ಟು ಗಾಯವಾಯಿತು. ರಕ್ತ ಮಾತ್ರ ನಿಲ್ಲಲೊಲ್ಲದು. ಎರಡು ಟವೆಲ್ ತೋಯ್ದವು, ನಿಲ್ಲುವಷ್ಟರಲ್ಲಿ ಒಂದು ಗಂಟೆ ಆಗಿತ್ತು. ನಿನ್ನ ಅಳಿಯ, ಅಪ್ಪಾ, ಕೈ ನಡುಗ್ತಿದೆ ನಿಂಗೆ, ಇನ್ನು ಸಾಕು ಅಂದು ಕತ್ತಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಲವತ್ತು ವರ್ಷ ಒಂದು ಕೆನ್ನೆಗೂ ಗೀರು ಹಾಕದ ಮನುಷ್ಯ. ಮಾವ ಕನ್ನಡಿಯನ್ನು ಗೋಡೆ ಕಡೆ ತಿರುಗಿಸಿಟ್ಟರು. ಊಟಕ್ಕೆ ಕರೆದರೆ, ಕೈ ಹೋದ ಮೇಲೆ ಬಾಯಿ ಯಾಕಮ್ಮ ಅಂದರು. ನಾನು ಏನು ಮಾಡಿದೆ ಗೊತ್ತಾ? ರಕ್ತ ಹೋಗಿದೆ, ಮೈಗೆ ಬಲ ಬರಲಿ ಅಂತ ಆ ಲೋಟವನ್ನು ಸಂಜೆಯೂ ಕೊಟ್ಟೆ.

ಶನಿವಾರ ನಾದಿನಿ ಬಂದಳು. ಪಕ್ಕದ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾಳಲ್ಲ, ಬೇಜಾರಲ್ಲಿರುವ ಅಪ್ಪನಿಗೆ ಹೊಸ ಅಂಗಿ ಹೊಲಿಯೋಣ ಅಂತ ಅಳತೆ ತೆಗೆಯಲು ಬಂದಿದ್ದಳು. ಅಂಗಿ ಬಿಚ್ಚಿಸಿದರೆ ತೋಳಿನ ಮೇಲೆ ನೇರಳೆ ಕಲೆಗಳು, ಬೆರಳು ಒತ್ತಿದ ಹಾಗೆ. ಟೇಪು ಕುತ್ತಿಗೆಗೆ ಹಾಕಿಕೊಂಡು ನನ್ನ ಕಡೆ ತಿರುಗಿ, ಅಪ್ಪನ್ನ ಯಾರು ಹಿಡಿದು ಎಳೆದಿದ್ದು ಅಂತ ಕೇಳಿದಳು. ಯಾರೂ ಇಲ್ಲ ಕಣೇ, ತಾನಾಗೇ ಬಂದಿದೆ ಅಂದರು ಮಾವ. ತಾನಾಗೇ ಬರೋಕೆ ಅದೇನು ಮೊಡವೆನಾ ಅಂದಳು. ನಾನು ಇಲ್ಲ ಅನ್ನಬೇಕಿತ್ತು, ನಾಲಿಗೆ ಏಳಲಿಲ್ಲ. ಸುಮ್ಮನೆ ನಿಂತವಳೇ ಮಾಡಿರಬೇಕು ಅಂತ ಅವಳಿಗೆ ಅನ್ನಿಸಿದರೆ ಅವಳದೇನು ತಪ್ಪು. ಭಾನುವಾರ ಮತ್ತೆ ಬಂದು ನೋಡಿದಳು. ಇನ್ನೆರಡು ಹೊಸ ಕಲೆ ಇದ್ದವು.

ಸೋಮವಾರ ತಿಂಗಳ ರಕ್ತ ಪರೀಕ್ಷೆ, ಎಲ್ಲರೂ ಆಸ್ಪತ್ರೆಗೆ ಹೋದೆವು. ಬೆಂಚಿನಲ್ಲಿ ಕೂತಾಗ ಎದುರಿನ ಗೋಡೆಯ ಮೇಲೆ ಒಂದು ಹಾಳೆ ಕಂಡಿತು. ಆ ಹಾಳೆ ಅಲ್ಲಿ ಮೊದಲಿನಿಂದಲೂ ಇದೆ, ತಡವರಿಸಿ ಓದುವುದು ಕಂಡರೆ ಯಾರಾದರೂ ಓದಲು ಬಾರದವಳು ಅಂದುಕೊಂಡಾರು ಅಂತ ನಾನು ಅದರ ಮುಂದೆ ನಿಂತಿರಲೇ ಇಲ್ಲ. ಅವತ್ತು ಕೂಡಿಸಿ ಕೂಡಿಸಿ ಓದಿದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದ್ದು ಅಂತ ಚಿತ್ರ ಸಮೇತ ಬರೆದಿತ್ತು. ಮೂರನೇ ಚಿತ್ರ ಅರಿಶಿನದ ಕೊಂಬು.

ಅಮ್ಮ, ಅವತ್ತಿನ ಲೋಟ ತಪ್ಪಬಾರದು ಅಂತ ನಾನು ಅದನ್ನು ಫ್ಲಾಸ್ಕಿಗೆ ಹಾಕಿ ಚೀಲದಲ್ಲಿ ತಂದಿದ್ದೆ. ತೊಡೆಯ ಮೇಲೆ ಬೆಚ್ಚಗೆ ಕೂತಿತ್ತು.

ಒಳಗೆ ಹೋದೆವು. ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಅಂಕಿ ಎರಡು ಮೂರರ ನಡುವೆ ಇರಬೇಕಂತೆ, ಅದು ಏಳು ಮುಟ್ಟಿದೆ ಅಂದರು ಡಾಕ್ಟರು. ಹೊಸದಾಗಿ ಏನಾದ್ರೂ ಕೊಡ್ತಿದೀರಾ, ಪುಡಿ, ಕಷಾಯ ಅಂತ ಕೇಳಿದರು. ನಿನ್ನ ಅಳಿಯ ಇಲ್ಲ ಅಂದರು. ನಾದಿನಿ ಇಲ್ಲ ಅಂದಳು. ಮಾವ ನನ್ನನ್ನು ನೋಡಿ ಕಣ್ಣು ತಗ್ಗಿಸಿ, ಅವರೂ ಇಲ್ಲ ಅಂದರು. ನನಗೋಸ್ಕರ ಅಂದದ್ದು ಅದು. ನಾನು ಚೀಲದಿಂದ ಫ್ಲಾಸ್ಕ್ ತೆಗೆದು ಮೇಜಿನ ಮೇಲಿಟ್ಟೆ. ಡಾಕ್ಟರು ಮುಚ್ಚಳ ತೆಗೆದರು, ಮುಚ್ಚಳಕ್ಕೆ ಒಂದಿಷ್ಟು ಬಗ್ಗಿಸಿದರು, ಹಳದಿ ಬಣ್ಣ ಎಲ್ಲರಿಗೂ ಕಂಡಿತು.

ಅವರು ಕೂಗಾಡಲಿಲ್ಲ. ಅರಿಶಿನ ವಿಷ ಅಲ್ಲಮ್ಮ, ಅಡುಗೆಗೆ ಚಿಟಿಕೆ ಹಾಕೋದನ್ನ ನಾನು ಬೇಡ ಅನ್ನಲ್ಲ, ಉಪ್ಪು ಕಡಿಮೆ ಮಾಡಿ ಮಸಾಲೆಯಲ್ಲಿ ರುಚಿ ತಂದಿದ್ದು ಒಳ್ಳೇ ಕೆಲಸ ಅಂದರು. ಆದರೆ ಔಷಧಿ ಹಾಗೆ ದಿನಾ ಲೋಟಗಟ್ಟಲೆ ಕೊಟ್ಟರೆ ಈ ಮಾತ್ರೆಯ ಜೊತೆ ಸೇರಿ ರಕ್ತ ಇನ್ನೂ ತೆಳುವಾಗಬಹುದಂತೆ. ಮೆಣಸು ಸೇರಿದರೆ ಅರಿಶಿನ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದಂತೆ. ಬಚ್ಚಲಲ್ಲಿ ಜಾರಿ ತಲೆ ತಗಲಿದ್ದರೆ ಏನು ಗತಿ ಅಂದರು. ಆಮೇಲೂ ಒಂದೆರಡು ಕೇಳಿದರು, ನಾನೂ ಏನೋ ಹೇಳಿದೆ. ಅದು ಬಿಡು.

ಮಾವ ಕೇಳಿದ್ದು ಒಂದೇ. ಹಾಗಾದ್ರೆ ಗಾಯ ಮಾಡಿದ್ದು ನನ್ನ ಕೈ ಅಲ್ವಾ ಅಂತ. ಡಾಕ್ಟರು ಅವರ ಕೈ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಅಲುಗಲಿಲ್ಲ. ಗಾಯ ಯಾರಿಗಾದ್ರೂ ಆಗುತ್ತೆ, ನಿಲ್ಲದೆ ಇದ್ದದ್ದು ರಕ್ತದ ಸಮಾಚಾರ ಅಂದರು. ಮಾವ ಮಗನ ಕಡೆ ನೋಡಿದ ರೀತಿ ನೀನು ನೋಡಬೇಕಿತ್ತು.

ಮೂರು ದಿನ ಅಲ್ಲೇ ಇಟ್ಟುಕೊಂಡರು. ನಿನ್ನೆ ಮತ್ತೆ ಪರೀಕ್ಷೆ ಮಾಡಿದಾಗ ಅಂಕಿ ಮೂರಕ್ಕೆ ಇಳಿದಿತ್ತು. ಆದರೂ ಮಾವ ಕೆಮ್ಮಿದರೆ ಸಾಕು, ಒಲೆ ಬಿಟ್ಟು ಓಡಿಹೋಗಿ ನೋಡುತ್ತೇನೆ. ಜೀರಿಗೆ ಹಾಕುವಾಗಲೂ ಎರಡು ಸಲ ಯೋಚಿಸುತ್ತೇನೆ.

ನೀನೂ ಸಕ್ಕರೆ ಕಾಯಿಲೆಗೆ ಅಂತ ಚಕ್ಕೆ ಕುದಿಸಿ ಚೊಂಬುಗಟ್ಟಲೆ ಕುಡಿಯುತ್ತೀಯಲ್ಲ. ಅದನ್ನೂ ನರ್ಸಮ್ಮನಿಗೆ ಕೇಳಿದೆ, ನಾನೇ ಕೇಳಿದೆ. ಚಕ್ಕೆಯಲ್ಲಿ ಬೇರೆ ಬೇರೆ ಜಾತಿ ಇವೆಯಂತೆ, ಒಂದು ಜಾತಿಯದು ಹೆಚ್ಚಾದರೆ ಲಿವರಿಗೆ ತೊಂದರೆಯಂತೆ. ನಿನ್ನ ಡಾಕ್ಟರಿಗೆ ತೋರಿಸಿ ಕೇಳು. ಕೇಳುವವರೆಗೆ ಕುಡಿಯಬೇಡ, ನನ್ನಾಣೆ.

ಇವತ್ತು ಬೆಳಿಗ್ಗೆ ನಿನ್ನ ಅಳಿಯ ಬೀರುವಿನ ಬೀಗ ತೆಗೆದು ಕತ್ತಿ ಕೊಟ್ಟರು, ಡಾಕ್ಟರು ನಿಧಾನವಾಗಿ ಮಾಡಿಕೊಳ್ಳಲಿ ಅಂದಿದ್ದಾರೆ. ನಾನು ನೀರು ಕಾಯಿಸಿಕೊಟ್ಟು ಕನ್ನಡಿ ಹಿಡಿದು ನಿಂತೆ. ಮಾವನ ಕೈ ನಡುಗಲಿಲ್ಲ, ಕನ್ನಡಿ ನಡುಗಿತು. ಸರಿಯಾಗಿ ಹಿಡ್ಕೊಳಮ್ಮ, ಗಿರಾಕಿ ಎದ್ದು ಓಡಿಹೋಗ್ತಾನೆ ಅಂದರು.

ಬೈಯುವುದಿದ್ದರೆ ಕಾಗದದಲ್ಲೇ ಬೈ, ಎಷ್ಟಾದರೂ ಓದುತ್ತೇನೆ.

ನಿನ್ನ ಮಗಳು,
ಪಿಸು

ಇನ್ನೊಂದು ಮಾತು: ಮೇಲೆ ನೀನು ಹೇಳಿದ ಹಾಗೇ ಅಂತ ಬರೆದಿದ್ದೇನೆ, ಅದು ಸುಳ್ಳು. ನೀನು ಡಬ್ಬಿಯೊಳಗೆ ಪುಟ್ಟ ಮರದ ಚಮಚ ಇಟ್ಟು, ಇದರಲ್ಲಿ ಒಂದೇ, ಅದೂ ಡಾಕ್ಟರನ್ನ ಕೇಳಿ ಕೊಡು ಅಂದಿದ್ದೆ. ನಾನು ಬಡಿಸುವ ಚಮಚದಲ್ಲಿ ಹಾಕಿದೆ, ಕೇಳಲೂ ಇಲ್ಲ. ಇಷ್ಟು ಹಾಕು ಅಂತ ಯಾರಮ್ಮ ಹೇಳಿದ್ದು ಅಂತ ಡಾಕ್ಟರು ಕೇಳಿದಾಗ ನಾದಿನಿ ನನ್ನನ್ನೇ ನೋಡುತ್ತಿದ್ದಳು. ನಮ್ಮಮ್ಮ ಅಂದುಬಿಟ್ಟೆ. ಆಗ ಮಾತ್ರ ನನ್ನ ಬಾಯಿಂದ ಮಾತು ಚೆನ್ನಾಗಿ ಹೊರಬಂತು. ನಿನಗೆ ಫೋನ್ ಮಾಡಿ ಬಿಸಿ ಮುಟ್ಟಿಸುತ್ತೇನೆ ಅಂತ ಅವಳು ವಾರದಿಂದ ಹೇಳುತ್ತಿದ್ದಾಳೆ. ಇವತ್ತು ಮಾವನ ಗಡ್ಡ ಆದ ಮೇಲೆ ಎರಡೂ ಚಮಚ ಹಿಡಿದುಕೊಂಡು ಅವಳ ಅಂಗಡಿಗೆ ಹೋದೆ. ಹೊಲಿಗೆ ಮಿಷನ್ ಮೇಲೆ ಪಕ್ಕ ಪಕ್ಕ ಇಟ್ಟು, ಚಿಕ್ಕದು ಅಮ್ಮಂದು, ದೊಡ್ಡದು ನಂದು ಅಂದೆ. ಮಿಷನ್ ನಿಂತಿತು. ಚಿಕ್ಕದನ್ನು ತೆಗೆದುಕೊಂಡೆ, ದೊಡ್ಡದನ್ನು ಅಲ್ಲೇ ಬಿಟ್ಟು ಬಂದೆ.