ಎವರಿಸ್ತೊ ಆಕಳಿಸಿದ ಫೋಟೋ

ಮ್ಯಾಡ್ರಿಡ್, ೯ ಮೇ ೧೯೩೫

ಇದನ್ನು ಬರೆಯದೆಯೇ ದೀಪ ಆರಿಸುವುದರಲ್ಲಿದ್ದೆ: ಎವರಿಸ್ತೊ ಮೇಲೆ ನನಗೆ ಸೇಡು ತೀರಿಸಿಕೊಳ್ಳಬೇಕು. ಅವತ್ತು ನಮ್ಮ ಹೊಸ ಕವಿಗಳ ಬಳಗದ ಫೋಟೋಗೆ ನಾನೂ ಸಾಲಿನಲ್ಲಿ ನಿಂತಿದ್ದೆ.

"ನೀನು ಕ್ಯಾಮೆರಾ ಹಿಡ್ಕೊಳೇ ಮಾರಾಯ್ತಿ. ಇಲ್ಲಿ ಕವಿಗಳು ನಿಂತ್ಕೊಳ್ಲಿ," ಅಂದ ಎವರಿಸ್ತೊ, ಸಾಲಿನ ನಡುವೆ ನಿಂತು.

ನನ್ನ ಎರಡು ಸಂಕಲನಗಳನ್ನು ಓದಿ ಹೊಗಳಿದವರೂ ನಕ್ಕರು.

ಈಗ ಪತ್ರಿಕೆಯವರು ಆ ಫೋಟೋ ಕೇಳಿದ್ದಾರೆ. ನಾನು ತೆಗೆದದ್ದು ಎರಡು. ಒಂದರಲ್ಲಿ ಅವನು ರಾಜಕುಮಾರನ ಹಾಗಿದ್ದಾನೆ. ಇನ್ನೊಂದರಲ್ಲಿ ಕಣ್ಣು ಮುಚ್ಚಿ, ಬಾಯಿ ಅಗಲಿಸಿ ಆಕಳಿಸುತ್ತಿದ್ದಾನೆ. ಬಿಸಿಲು ನನ್ನ ಬೆನ್ನಿಗಿತ್ತು. ಅದರಲ್ಲಿ ಟೋಪಿಯಿಲ್ಲದ ನನ್ನ ತಲೆಯ ನೆರಳು ಅವನ ಎದೆಯ ಮೇಲೇ ಬಿದ್ದಿದೆ.

ಇದು ಸಣ್ಣತನವೇ? ಇರಬಹುದು. ಆದರೆ ಆ ಫೋಟೋದಲ್ಲಿ ನಾನಿದ್ದೇನೆ.

ಅದನ್ನೇ ಅಂಚೆಗೆ ಹಾಕುವುದು ಸೋಮವಾರ, ೧೩ ಮೇ.