ಚೀಲದ ಕಾರ್ಖಾನೆಗೆ ಬಂದ ಹಿಂದಿನ ತಾರೀಖಿನ ಕಾನೂನು

ತೆರಿಗೆ ವಸೂಲಿಯ ಅಧಿಕಾರಿಗಳೇ,

ಮೂರು ವರ್ಷದ ಹಿಂದೆ ನಿಮ್ಮದೇ ಕಚೇರಿ ಪರಿಶೀಲಿಸಿ, ಸಹಿ ಹಾಕಿ ಮರಳಿಸಿದ ತೆರಿಗೆಯನ್ನು ಈಗ ಬಡ್ಡಿ ಸಮೇತ ವಾಪಸು ಕೇಳುತ್ತಿದ್ದೀರಿ. ಅರ್ಜಿಯಲ್ಲಿ ಸುಳ್ಳಿತ್ತೆಂದು ನೀವೂ ಹೇಳುತ್ತಿಲ್ಲ. ನಿಯಮ ಬದಲಾಗಿದೆ, ಅದು ಹಿಂದಿನ ತಾರೀಖಿನಿಂದಲೇ ಅನ್ವಯವಾಗುತ್ತದೆ ಎನ್ನುತ್ತೀರಿ. ಆಗಿಹೋದ ದಿನಗಳನ್ನು ತಿದ್ದುವ ಅಧಿಕಾರ ದೇವರಿಗೂ ಇದ್ದಂತಿಲ್ಲ, ನಿಮಗಿದೆ.

ನಾನು ಲಿಂಗಸುಗೂರಿನಲ್ಲಿ ಸಣ್ಣ ವ್ಯಾಪಾರಿಗಳ ತೆರಿಗೆ ಕಾಗದಪತ್ರ ನೋಡಿಕೊಳ್ಳುವವಳು. ಸಿಂಧನೂರಿನ ಹುಸೇನ್‌ಬೀ ನನ್ನ ಗಿರಾಕಿ. ಗಂಡ ತೀರಿದ ಮೇಲೆ ಮಸ್ಕಿ ರಸ್ತೆಯ ಒಂದು ಶೆಡ್ಡಿನಲ್ಲಿ ಅಕ್ಕಿ ಗಿರಣಿಗಳಿಗೆ ಪ್ಲಾಸ್ಟಿಕ್ ಚೀಲ ಹೊಲಿಸುವ ಕೆಲಸ ಶುರುಮಾಡಿದರು. ಹನ್ನೊಂದು ಹೆಂಗಸರು ಅಲ್ಲಿ ದುಡಿಯುತ್ತಿದ್ದರು. ಚೀಲದ ಬಟ್ಟೆ ಕೊಳ್ಳುವಾಗ ಕಟ್ಟುವ ತೆರಿಗೆ ಹೆಚ್ಚು, ಚೀಲ ಮಾರುವಾಗ ವಸೂಲಾಗುವ ತೆರಿಗೆ ಕಡಿಮೆ. ಹೆಚ್ಚಾದದ್ದನ್ನು ಮರಳಿ ಕೇಳಬಹುದೆಂದು ಅಂದಿನ ಕಾನೂನೇ ಹೇಳುತ್ತಿತ್ತು. ಅರ್ಜಿ ಬರೆದವಳು ನಾನು.

ಹಣ ಬಂದ ದಿನ ಹುಸೇನ್‌ಬೀ, “ಯವ್ವಾ, ಇದು ಖರ್ಚು ಮಾಡಬೌದೇನ? ನಾಳೆ ಯಾರೂ ಕೇಳಂಗಿಲ್ಲಲ್ಲ?” ಎಂದರು.

“ಸರ್ಕಾರದ ಆರ್ಡರ್ ಐತಿ ಆಪಾ, ಬೇಫಿಕರ್ ಇರ್ರಿ,” ಎಂದೆ. ಅವರು ನಾಲ್ಕು ಹೊಲಿಗೆ ಯಂತ್ರ ತಂದರು.

ಈ ಜೂನಿನಲ್ಲಿ ಅವರಿಗೆ ನೋಟಿಸು ಬಂತು. ಉತ್ತರಕ್ಕೆ ಏಳು ದಿನ. ಆರನೆಯ ದಿನ ಉತ್ತರ ಕೊಟ್ಟೆ. ಒಂಬತ್ತನೆಯ ದಿನ ಅವರ ಬ್ಯಾಂಕ್ ಖಾತೆ ಸ್ಥಗಿತವಾಯಿತು. ಅದು ಪಗಾರದ ಶನಿವಾರ. ಸೋಮವಾರ ಇಬ್ಬರೂ ನಿಮ್ಮ ಕಚೇರಿಗೆ ಬಂದೆವು. ನಿಮ್ಮ ಗುಮಾಸ್ತರ ಮುಂದೆ ಹುಸೇನ್‌ಬೀ ಹಳೆಯ ಆದೇಶ ಇಟ್ಟು, “ಈ ಸಹಿ ಯಾರದ್ರಿ?” ಎಂದು ಕೇಳಿದರು.

“ಹಿಂದಿನ ಸಾಹೇಬ್ರದು. ಅವ್ರು ವರ್ಗಾ ಆಗ್ಯಾರ.”

“ಸಾಹೇಬ್ರು ವರ್ಗಾ ಆದ್ರ ಸಹೀನೂ ವರ್ಗಾ ಆಕ್ಕೈತೇನ್ರಿ?”

ಗುಮಾಸ್ತರು ಆದೇಶವನ್ನು ನಮ್ಮ ಕಡೆಗೇ ಸರಿಸಿದರು. ನೀವಾದರೂ ಉತ್ತರ ಹೇಳುತ್ತೀರಾ?

ನಾಲ್ಕೂ ಯಂತ್ರ ಮಾರಿ ಹುಸೇನ್‌ಬೀ ಪಗಾರ ಕೊಟ್ಟರು. ಕೊನೆಯ ಯಂತ್ರವನ್ನು ಗಾಡಿಗೆ ಏರಿಸುವಾಗ ನಾನು ಅಲ್ಲೇ ಇದ್ದೆ. ಅವರ ಮುಖ ನೋಡಲಾಗಲಿಲ್ಲ. ಆಮೇಲೆ ಹೈಕೋರ್ಟಿಗೆ ಹೋದೆವು. ಹಣ ಕೊಟ್ಟ ದಿನ ಯಾವ ನಿಯಮದ ಪ್ರಕಾರ ಅದು ತಪ್ಪಾಗಿತ್ತು ಎಂದು ನ್ಯಾಯಮೂರ್ತಿಗಳು ಕೇಳಿದಾಗ ನಿಮ್ಮ ವಕೀಲರು ಕಾಲಾವಕಾಶ ಕೇಳಿದರು. ತಡೆಯಾಜ್ಞೆ ಸಿಕ್ಕಿತು, ಖಾತೆ ತೆರೆಯಿತು. ಅಷ್ಟರಲ್ಲಿ ಹೆಂಗಸರಲ್ಲಿ ಐವರು ತುರ್ವಿಹಾಳದ ಕಡೆ ಭತ್ತದ ನಾಟಿಗೆ ಹೋಗಿಬಿಟ್ಟಿದ್ದರು.

ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ತಡೆಯಾಜ್ಞೆ ಬಂದ ಹದಿನೈದು ದಿನದೊಳಗೆ ನನ್ನ ಇನ್ನೂ ಆರು ಗಿರಾಕಿಗಳಿಗೆ ಅದೇ ನೋಟಿಸು ಬಂದಿದೆ. ಊರಲ್ಲಿ ನನ್ನಂತೆ ಕಾಗದಪತ್ರ ನೋಡುವ ಬೇರೆಯವರೂ ಇಂಥದೇ ಅರ್ಜಿ ಬರೆದಿದ್ದಾರೆ. ಅವರ ಗಿರಾಕಿಗಳಿಗೆ ಇನ್ನೂ ಏನೂ ಬಂದಿಲ್ಲ. ಕಾಕತಾಳೀಯವೆಂದು ನಂಬಲು ಪ್ರಯತ್ನಿಸುತ್ತಿದ್ದೇನೆ. ಮಸ್ಕಿಯ ಗಿರಾಕಿ ಮಾನಪ್ಪ ಬಂದು, “ಸಿಟ್ಟಾಗಬ್ಯಾಡ್ರಿ ಮೇಡಂ, ನನ್ನ ಫೈಲು ಕೊಟ್ಟುಬಿಡ್ರಿ. ನಿಮ್ಮ ಹೆಸರು ಅವ್ರ ಕಣ್ಣಾಗ ಬಿದ್ದೈತಂತ,” ಎಂದು ಫೈಲು ಒಯ್ದರು. ಮೊನ್ನೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು: “ಆ ಹೆಣ್ಮಗಳಿಗೆ ಕೇಸು ವಾಪಸ್ ತಗೊಳ್ಳಾಕ ಹೇಳ್ರಿ. ಎಲ್ಲಾರಿಗೂ ಚಲೋ.” ದನಿ ಬಹಳ ಮೃದುವಾಗಿತ್ತು. ತಿರುಗಿ ಮಾಡಿದರೆ ಯಾರೂ ಎತ್ತುವುದಿಲ್ಲ. ಅದು ನಿಮ್ಮ ಕಚೇರಿಯದೆಂದು ನಾನು ಹೇಳುತ್ತಿಲ್ಲ. ಅಲ್ಲವೆಂದು ನೀವು ಹೇಳಬಹುದು.

ಹುಸೇನ್‌ಬೀಗೆ ಇದನ್ನು ತಿಳಿಸಿದೆ. “ನಾ ವಾಪಸ್ ತಗೊಳ್ಳಂಗಿಲ್ಲ. ನೀ ಅಂಜಾಕತ್ತಿಯೇನ?” ಎಂದರು. ಹೌದು ಎಂದೆ.

ಆದ್ದರಿಂದ ಕೇಳುತ್ತಿದ್ದೇನೆ: ಕೋರ್ಟಿಗೆ ಹೋದವರು, ಹೋಗಲು ಗತಿಯಿಲ್ಲದವರು ಎಂದು ನೋಡದೆ, ತೀರ್ಪು ಬರುವವರೆಗೆ ಎಲ್ಲರ ನೋಟಿಸನ್ನೂ ತಡೆಹಿಡಿಯಿರಿ. ಆ ಆರು ಹೆಸರುಗಳನ್ನು ಯಾರು, ಹೇಗೆ ಆರಿಸಿದರೆಂದು ಲಿಖಿತವಾಗಿ ತಿಳಿಸಿರಿ.

ಇಂತಿ,
ಇದನ್ನು ಅಂಚೆಗೆ ಹಾಕುವ ಮೊದಲು ಮೂರು ಪ್ರತಿ ಮಾಡಿಸಿ ಮೂರು ಮನೆಗಳಲ್ಲಿ ಇಟ್ಟಿರುವ,
ಅಮರೇಶ್ವರಿ
ಲಿಂಗಸುಗೂರು