ಕರಿ ಕೊಳವೆಯ ಚೀಟಿ

ಕಾಡಿನೊಳಗಿಂದ,
11 ಫೆಬ್ರುವರಿ 1942

ನನ್ನ ಉಸ್ತೀನ್ಯಾ,

ಬದುಕಿದ್ದೇನೆ. ಕಾಗದ ಬಿಚ್ಚಿದ ಕೂಡಲೇ ನಿನಗೆ ಗೊತ್ತಾಗಲಿ ಅಂತ ಮೊದಲು ಅದನ್ನೇ ಬರೆದೆ. ಮಗುವಿನ ಕೆಮ್ಮು ಹೇಗಿದೆ? ಒಲೆಯ ಹೊಗೆಗಿಂಡಿಯನ್ನು ಬೇಗ ಮುಚ್ಚಬೇಡ, ಹೊಗೆ ಒಳಗೇ ತುಂಬೀತು. ಇದನ್ನು ಟಪಾಲಿಗೆ ಹಾಕಿದರೆ ಒಡೆದು ಓದುತ್ತಾರೆ. ಕಾಲು ಕಳೆದುಕೊಂಡು ಊರಿಗೆ ಹೊರಟಿರುವ ಫೆದೋತನ ಕೈಯಲ್ಲಿ ಕೊಡುತ್ತಿದ್ದೇನೆ.

ನಮ್ಮ ಡಿವಿಷನ್ನಿನಲ್ಲಿ ಪ್ರತಿಯೊಬ್ಬನಿಗೂ ಬೆರಳುದ್ದದ ಕರಿ ಕೊಳವೆ ಕೊಟ್ಟಿದ್ದಾರೆ. ಒಳಗೊಂದು ಚೀಟಿ. ಹೆಸರು, ಊರು, ಹೆಂಡತಿಯ ಹೆಸರು ಬರೆದು ಸುತ್ತಿ ಇಡಬೇಕು, ಸತ್ತರೆ ಗುರುತಿಗೆ. ಬರೆದರೆ ಸಾವು ಬರುತ್ತದೆಂಬ ಭಯಕ್ಕೆ ಯಾರೂ ಬರೆಯುವುದಿಲ್ಲ. ನಾನು ಓದಿದ್ದು ಎರಡೇ ತರಗತಿ. ಆದರೂ ಅಕ್ಷರ ಬಾರದ ಒಂಬತ್ತು ಜನರಿಗೆ ಹವಾಲ್ದಾರರ ಹುಕುಮಿನಂತೆ ನಾನೇ ಬರೆದುಕೊಟ್ಟೆ. ಒಂಬತ್ತೂ ಜನ ಸತ್ತರು, ನಾನು ಬರೆದುಕೊಟ್ಟ ಕ್ರಮದಲ್ಲೇ. ಈಗ ನಾನು ಜೇಬಿಗೆ ಕೈ ಹಾಕಿದರೆ ಸಾಕು, "ಲೋ ಜಖಾರ್, ಪೆನ್ಸಿಲ್ ತೆಗೀಬೇಡ್ವೋ, ನಿನ್ ದಮ್ಮಯ್ಯ! ಆ ಜರ್ಮನ್ನರಿಗೆ ಬರ್ಕೊಡು ಹೋಗು, ಯುದ್ಧನಾದ್ರೂ ಬೇಗ ಮುಗೀಲಿ" ಅನ್ನುತ್ತಾರೆ. ನಗುತ್ತಾರೆ, ಆದರೆ ಪಕ್ಕದಲ್ಲಿ ಕೂರುವುದಿಲ್ಲ.

ನನ್ನ ಚೀಟಿ ಖಾಲಿ. ನಿನ್ನೆ ಹವಾಲ್ದಾರ ಇಗ್ನಾತಿಚ್ ಬೈದರು: "ಹಿಂಗೇ ಸತ್ರೆ ನಿನ್ ಹೆಂಡ್ತಿಗೆ ಪತ್ತೆಯಿಲ್ಲ ಅಂತ ಕಾಗದ ಹೋಗತ್ತೆ ಕಣಯ್ಯಾ. ಪಿಂಚಣಿಗೆ ಅಲೆದು ಸಾಯ್ತಾಳೆ. ಓಡಿಹೋದವನ ಹೆಂಡ್ತಿ ಅಂತ ಊರೆಲ್ಲ ಆಡ್ಕೊಳ್ಳತ್ತೆ. ಬರಿ!" ಅದೇ ಚಿಂತೆ ನನ್ನನ್ನು ತಿನ್ನುತ್ತಿದೆ. ಬರೆದರೆ ನಾನು ಉಳಿಯುವುದಿಲ್ಲ. ಬರೆಯದಿದ್ದರೆ ನೀನು ಊರಲ್ಲಿ ತಲೆ ಎತ್ತುವ ಹಾಗಿಲ್ಲ.

ಇವತ್ತು ಬೆಳಿಗ್ಗೆ ಹೊಸಬರು ಬಂದು ಸೇರಿದರು. ಹಾಜರಿ ಕೂಗುವಾಗ ಇಗ್ನಾತಿಚ್ ಹಳೆಯ ಪಟ್ಟಿ ಹಿಡಿದುಬಿಟ್ಟರು. ಸತ್ತವನೊಬ್ಬನ ಹೆಸರು ಕೂಗಿದರು. ಮರಗಳ ಕಡೆಯಿಂದ "ಇದ್ದೀನಿ" ಅಂತ ಕೇಳಿಸಿತು. ಇನ್ನೊಂದು ಹೆಸರು, ಇನ್ನೊಂದು ದನಿ. ನಾನು ಬರೆದುಕೊಟ್ಟ ಆ ಒಂಬತ್ತೂ ಹೆಸರು ಆಯಿತು. ಹೊಸಬರಿಗೇನು ಗೊತ್ತು, ಯಾರೋ ಹಳಬರು ಅಂದುಕೊಂಡರು. ಇಗ್ನಾತಿಚ್ ತಲೆ ಎತ್ತದೆ ಗುರುತು ಹಾಕುತ್ತಲೇ ಹೋದರು. ಕಿವಿಗಳು ಬೆಳ್ಳಗಾಗಿದ್ದವು. ಹತ್ತನೆಯದು ನನ್ನ ಹೆಸರು. ನಾನು ಬಾಯಿ ತೆರೆಯುವ ಮೊದಲೇ ಅಲ್ಲಿಂದ ನನ್ನದೇ ದನಿ, ನನ್ನದೇ ಉಗ್ಗು, "ಇ-ಇದ್ದೀನಿ" ಅಂದಿತು.

ಹೆದರಬೇಡ. ಗಾಳಿಗೆ ಹಾಗೆ ಕೇಳಿಸಿರಬೇಕು. ಆದರೂ ನಿರ್ಧಾರ ಮಾಡಿದ್ದೇನೆ, ಬರೆಯುವುದಿಲ್ಲ. ಆ ಕೊಳವೆಯನ್ನೇ ಹಿಮದಲ್ಲಿ ಎಸೆದು ಬರುತ್ತೇನೆ. ಊರವರ ಮಾತು ನೀನು ಸಹಿಸಬೇಕಾದರೆ ನನ್ನನ್ನು ಕ್ಷಮಿಸು.

ನಿನ್ನ
ಜಖಾರ್

ಮತ್ತೆ ಬರೆದದ್ದು: ಎಸೆಯುವ ಮೊದಲು ಬಿಚ್ಚಿ ನೋಡಿದೆ. ಚೀಟಿ ತುಂಬಿದೆ, ಉಸ್ತೀನ್ಯಾ. ನನ್ನ ಹೆಸರು, ನಮ್ಮೂರು, ನಿನ್ನ ಹೆಸರು. ನನ್ನದೇ ಸೊಟ್ಟ ಅಕ್ಷರ. ಪೆನ್ಸಿಲ್ಲಿನ ಪುಡಿ ಇನ್ನೂ ಬೆರಳಿಗೆ ಅಂಟುತ್ತದೆ. ನಾನು ಬರೆದಿಲ್ಲ, ಮಗುವಿನ ಆಣೆ. ಎಸೆಯಲು ಕೈ ಬರಲಿಲ್ಲ. ಸುತ್ತಿ ಒಳಗಿಟ್ಟು ಮುಚ್ಚಳ ಬಿಗಿ ಮಾಡಿದ್ದೇನೆ. ನಿನಗೆ ಸರಿಯಾದ ಕಾಗದವೇ ಬರುತ್ತದೆ.